ಅರಣ್ಯವೆಂದು ಓದಿಕೊಂಡದ್ದು

ಯಾತ್ರೆ ಅನ್ನಬೇಡಿ, ರಿಟ್ರೀಟ್ ಅನ್ನಿ ಎಂದಿದ್ದರು ಅಯ್ಯನವರು.
ನಮ್ಮ ಸಭೆಯಲ್ಲಿ ಸಂತರಿಲ್ಲ, ಹರಕೆಯಿಲ್ಲ,
ಮೇಣದ ಕೈಕಾಲು ಒಪ್ಪಿಸುವ ರೂಢಿಯಿಲ್ಲ.
ಆದರೂ ಬೆಳಿಗ್ಗೆ ಐದಕ್ಕೇ ಜೆಪ್ಪುವಿನ ಗೇಟಿನ ಹೊರಗೆ
ತಲೆಗೆ ಸ್ಕಾರ್ಫು, ಕಂಕುಳಲ್ಲಿ ಫ್ಲಾಸ್ಕು,
ಯಾತ್ರಿಕರಲ್ಲದೆ ಇನ್ಯಾರು ಹಾಗೆ ನಿಲ್ಲುತ್ತಾರೆ?

ಬಾಡಿಗೆ ಬಸ್ಸಿನ ನೆತ್ತಿಯಲ್ಲಿ ದುರ್ಗಾಂಬಿಕೆಯ ಹೆಸರು,
ಅದರ ಕೆಳಗೆ ಹಗ್ಗದಲ್ಲಿ ಬಿಗಿದ ನಮ್ಮ ಬ್ಯಾನರು.
ಮೇಬಲ್ ಕರ್ಕಡ ಎರಡನ್ನೂ ಓದಿ
"ಒಬ್ಬರಲ್ಲ ಒಬ್ಬರು ತಲುಪಿಸುತ್ತಾರೆ" ಅಂದಳು.
ಅಯ್ಯನವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು.

ಹೊರಟದ್ದು ಪದವಿನ ಮೇಲಿನ ಹಳೇ ಪ್ರಾರ್ಥನಾಲಯಕ್ಕೆ.
ಅದರ ಮಾಡಿನ ಹಂಚಿಗೆ ನನ್ನಜ್ಜ ಅಚ್ಚು ಒತ್ತಿದ್ದನಂತೆ.
ಲೆಕ್ಕದ ಪುಸ್ತಕ ನನ್ನ ಕೈಲಿ: ನಲವತ್ತೊಂದು ತಲೆ,
ತಲೆಗೆ ನಾನ್ನೂರು, ಇಬ್ಬರದ್ದು ಬಾಕಿ.

ಮುಲ್ಕಿ ದಾಟುವಾಗ ಪಾಠ ಓದಿದರು:
ಮೋಶೆ, ಜನ, ನಲವತ್ತು ವರ್ಷ, ಅರಣ್ಯ.
ನಮ್ಮ ಕನ್ನಡದಲ್ಲಿ ಅದು ಅರಣ್ಯವೇ.
ಇಲ್ಲಿ ಮರಳಿದ್ದಲ್ಲಿ ಮೀನಿರುತ್ತದೆ;
ಮರಳಲ್ಲಿ ಯಾರಾದರೂ ಹಸಿಯುವುದುಂಟೇ?
ಸಂಡೇಸ್ಕೂಲಿನ ಬೆಂಚಲ್ಲಿ ಕೂತು ನಾನು
ಇಸ್ರಾಯೇಲರನ್ನು ಘಟ್ಟದ ಕಾಡಲ್ಲೇ ನಡೆಸಿದ್ದೆ:
ಕಾಲಿಗೆ ಇಂಬಳ, ತಲೆಮೇಲೆ ಮಂಗ,
ಕೈಗೆಟಕುವ ಪುನರ್ಪುಳಿ.
ಇಷ್ಟೆಲ್ಲ ಇದ್ದೂ ಗೊಣಗಿದರಲ್ಲ ಎಂದು
ದೇವರ ಪರವಾಗಿ ನನಗೇ ಸಿಟ್ಟು ಬಂದಿತ್ತು.

"ಅರಣ್ಯ ಅಲ್ಲ ಮಾರಾಯ್ತಿ," ರೋದಾ ಸಾಲಿನ್ಸ್ ಪಿಸುಗುಟ್ಟಿದಳು.
ಹತ್ತೊಂಬತ್ತು ವರ್ಷ ಕುವೈತಿನ ಮನೆಯೊಂದರಲ್ಲಿ
ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ತುರುಕಿದವಳು.
"ಗುಡಿಸಿದ್ದನ್ನೇ ಗುಡಿಸುವುದು. ಅದೇ ಅದು."
ಮತ್ತೆ ಹೇಳಲಿಲ್ಲ. ಚಕ್ಕುಲಿ ಮುರಿದು ಅರ್ಧ ಕೊಟ್ಟಳು.

ಕಿನ್ನಿಗೋಳಿಯ ಆಚೆ, ಏರು ಮುಗಿದಲ್ಲಿ,
ಬಸ್ಸು ಒಮ್ಮೆ ಕೆಮ್ಮಿ, ಹಬೆ ಬಿಟ್ಟು ನಿಂತಿತು.
ಏಪ್ರಿಲ್ಲಿನ ಹನ್ನೊಂದು ಗಂಟೆ.
ಸುತ್ತ ಮುರಕಲ್ಲು, ಕರಿದು, ಕಾದ ಕಾವಲಿಯ ಹಾಗೆ.
ಸುಟ್ಟ ಮುಳಿಹುಲ್ಲು. ಕಲ್ಲು ತೆಗೆದ ಕೋರೆಯ ಚೌಕ ಬಾಯಿ.
ನೆರಳೆಂದರೆ ಬಸ್ಸಿನದೇ,
ಅದೂ ಬಸ್ಸಿನಡಿಗೇ ಸರಿಯುತ್ತಿತ್ತು.

ಮೊದಲು ಹಾಡಿದೆವು. ಆಮೇಲೆ ಶುರುವಾಯಿತು:
ಅಗ್ಗದ ಬಸ್ಸು ಗೊತ್ತು ಮಾಡಿದ್ದು ಯಾರು,
ಬಿರಿಯಾನಿ ಹಳಸಿದರೆ ಜವಾಬ್ದಾರಿ ಯಾರು,
ಮನೆಯಲ್ಲಿ ಬಂಗುಡೆ ಸಾರು ಉಂಡು
ಫ್ಯಾನಿನಡಿ ಮಲಗಬಹುದಿತ್ತು.
ಗಾಳಿಯಿಲ್ಲದ ಪದವಿನಲ್ಲಿ ಆ ಗೊಣಗು
ಎಲ್ಲಿಗೂ ಹೋಗದೆ ನಮ್ಮ ತಲೆಯ ಮೇಲೇ ನಿಂತಿತು.
ಎಲ್ಲೋ ಕೇಳಿದ ದನಿ ಅನ್ನಿಸಿ
ನಾನು ಬಾಯಿ ಮುಚ್ಚಿದೆ. ಸ್ವಲ್ಪ ಹೊತ್ತು.

ಕ್ಲೀನರ್ ಹುಡುಗ ಇಲ್ಯಾಸ್ ಹಸಿರು ಕ್ಯಾನು ಹಿಡಿದು
ಯಾರನ್ನೂ ಕೇಳದೆ ಇಳಿದು ನಡೆದ.
ಬಿಸಿಲು ಮೊದಲು ಅವನ ಮೊಣಕಾಲು ತಿಂದಿತು, ಆಮೇಲೆ ಬೆನ್ನು.
ಕೊನೆಗೆ ಕ್ಯಾನು ಮಾತ್ರ ಹೋಗುತ್ತಿತ್ತು.

ಮುಕ್ಕಾಲು ಗಂಟೆಗೆ ಬಂದ. ಹಿಂದೆ ಒಬ್ಬಳು ಹೆಂಗಸು,
ಬೆರಳ ತುದಿಯಲ್ಲಿ ಬೀಡಿಯ ಹೊಗೆಸೊಪ್ಪಿನ ಕಂದು,
ಸೊಂಟದಲ್ಲಿ ಕೊಡ, ಕೈಯಲ್ಲಿ ಚೊಂಬು,
ಸೆರಗಿನ ಗಂಟಲ್ಲಿ ಬೆಲ್ಲ.
ಯಾವ ದೇವರಿಗೆ ಹೊರಟವರೆಂದು ಕೇಳಲಿಲ್ಲ.
"ಬಾಜೆಲಾ?" ಅಂದಳು.
ತುಳುವಿನಲ್ಲಿ ದಾಹಕ್ಕೂ ಅದೇ ಮಾತು,
ದಾಹಕ್ಕೆಂದು ಕೊಡುವುದಕ್ಕೂ ಅದೇ.
ರೋದಾ ಬೆಲ್ಲ ಕಚ್ಚಿ, ನೀರು ಕುಡಿದು,
ಖಾಲಿ ಚೊಂಬನ್ನು ಕೆಳಗಿಡದೆ ಹಿಡಿದೇ ಕೂತಳು.
ರೇಡಿಯೇಟರಿಗೆ ಉಳಿದದ್ದು.

ಪ್ರಾರ್ಥನಾಲಯಕ್ಕೆ ಬೀಗ. ಕೀಲಿಯವರು ಮದುವೆಗೆ ಹೋಗಿದ್ದರು.
ಜಗಲಿಯಲ್ಲಿ ಕೂತು ಉಂಡೆವು, ಬಿರಿಯಾನಿ ಹಳಸಿರಲಿಲ್ಲ.
ಮಾಡಿಗೆ ಈಗ ತಗಡಿನ ಶೀಟು.
ಹಳೇ ಹಂಚು ಹಿತ್ತಿಲಲ್ಲಿ ಅಟ್ಟಿ;
ಅಜ್ಜನ ಅಚ್ಚು ನೋಡಲು ಒಂದನ್ನು ಮಗುಚಿದೆ,
ಚೇಳು ಓಡಿತು.

ಆ ಇಬ್ಬರದ್ದು ಇನ್ನೂ ಬಾಕಿ.

ಭಾನುವಾರ ಮತ್ತೆ ಅರಣ್ಯವೆಂದೇ ಓದಿದರು.
ಯಾರೂ ತಿದ್ದಲಿಲ್ಲ, ರೋದಾ ಕೂಡ.
ನನ್ನ ಕಾಡಿನಲ್ಲಿ ಈಗ ಮರಗಳಿಲ್ಲ.
ಇರುವುದು ಒಂದೇ ಹಸಿರು,
ಕಾಲಿಲ್ಲದೆ ದೂರದಲ್ಲಿ ನಡೆಯುತ್ತಿದೆ.
ಅದರಲ್ಲಿ ನೀರಿದೆಯೋ ಇಲ್ಲವೋ
ಇಲ್ಲಿಂದ ಗೊತ್ತಾಗುವುದಿಲ್ಲ.